ಉಭಯ ನಿವೇಶನಗಳ ಅಳತೆ

ಜನವರಿ 9, ಸೋಮವಾರ

ಈ ದಿನ ಬೆಳಿಗ್ಗೆ ಎಂಟು ಗಂಟೆಗೆ, ನನಗೆ ನಾನೇ ಅರಿಕೆ ಮಾಡಿಕೊಂಡು ದಾಖಲಿಸುವುದೇನೆಂದರೆ:

ನಮ್ಮ ಮನೆಯ ಪೂರ್ವ ದಿಕ್ಕಿನ ನೆರೆಯವರು, ವೃತ್ತಿಯಿಂದ ಟೈಲ್ಸ್ ಹಾಕುವ ಮೇಸ್ತ್ರಿ, ತಮ್ಮ ತಗ್ಗಿನ ಮನೆಯ ತಾರಸಿಯ ಮೇಲೆ ಒಂದು ಕೋಣೆಯನ್ನು ಎಬ್ಬಿಸಿರುತ್ತಾರೆ. ಎಬ್ಬಿಸಲಿ, ಆಕ್ಷೇಪವಿಲ್ಲ. ಆದರೆ ಸದರಿ ಕೋಣೆಯ ಗೋಡೆಯನ್ನು ಒಂದು ಗೇಣೂ ಬಿಡದೆ ಗಡಿಯ ನೆತ್ತಿಯ ಮೇಲೆಯೇ ಕಟ್ಟಿರುವುದರಿಂದ, ನನ್ನ ತಂಗಿಯ ಕೋಣೆಯ ಏಕೈಕ ಕಿಟಕಿಯಲ್ಲಿ ಕಾಣುತ್ತಿದ್ದ ಆಕಾಶವು ನಿನ್ನೆಯಿಂದ ಪೂರ್ಣವಾಗಿ ಇಲ್ಲವಾಗಿರುತ್ತದೆ.

ತಂಗಿಗೆ ಅರವತ್ತೆಂಟು. ವಿಧವೆಯಾಗಿ ನನ್ನ ಮನೆಗೆ ಬಂದು ಮೂವತ್ತೊಂದು ವರ್ಷ. ಬಂದ ತಿಂಗಳಿನಿಂದ ರಫು ಕೆಲಸ ಮಾಡುತ್ತಿದ್ದಾಳೆ. ಹರಿದ ಬಟ್ಟೆಯ ಒಳಮಡಿಕೆಯಿಂದಲೇ ಎಳೆ ಬಿಡಿಸಿಕೊಂಡು, ಅದು ಸಾಲದಿದ್ದರೆ ಬಣ್ಣಕ್ಕೆ ಹೊಂದುವ ದಾರ ಆರಿಸಿಕೊಂಡು, ಹರಿದದ್ದೆಲ್ಲಿ ಎಂದು ತೊಟ್ಟವರಿಗೂ ಗೊತ್ತಾಗದಂತೆ ನೇಯುವುದು. ಈ ಕೆಲಸಕ್ಕೆ ವಿದ್ಯುದ್ದೀಪ ಆಗಿಬರುವುದಿಲ್ಲ. ದೀಪದ ಕೆಳಗೆ ಕಪ್ಪೂ ಕಡುನೀಲಿಯೂ ಒಂದೇ. ಬೀದಿಯ ಬಾಗಿಲಲ್ಲಿ ಕೂತರೆ ಧೂಳಿಗೆ ಬಿಳಿ ಬಟ್ಟೆ ಗಂಟೆಯೊಳಗೆ ಬೂದುಬಣ್ಣಕ್ಕೆ ತಿರುಗುತ್ತದೆ. ಆ ಕಿಟಕಿಯೇ ಅವಳ ಅಂಗಡಿ.

ಇಂದು ಅವಳು ಎರಡು ದಾರದುಂಡೆ ಹಿಡಿದು ನನ್ನ ಬಳಿ ಬಂದಳು.

"ಅಣ್ಣಾ, ಇದರಲ್ಲಿ ಕಪ್ಪು ಯಾವುದು, ನೀಲಿ ಯಾವುದು?"

ಮೂವತ್ತೊಂದು ವರ್ಷಗಳಲ್ಲಿ ಅವಳು ಈ ಪ್ರಶ್ನೆಯನ್ನು ನನ್ನಲ್ಲಿ ಕೇಳಿದ್ದು ಇದೇ ಮೊದಲು. ಎರಡನ್ನೂ ಬಾಗಿಲಿಗೆ ಒಯ್ದು, ನೋಡಿ, ಉತ್ತರಿಸಿದೆ.

ಪುರಸಭೆಗೆ ದೂರು ಸಲ್ಲಿಸುವುದೆಂದು ಈ ಮೂಲಕ ತೀರ್ಮಾನಿಸಲಾಗಿದೆ.

ಜನವರಿ 12, ಗುರುವಾರ

ನ್ಯಾಯಾಲಯದ ನಕಲು ವಿಭಾಗದಲ್ಲಿ ಮೂವತ್ತೆಂಟು ವರ್ಷ ಸೇವೆ ಸಲ್ಲಿಸಿದವನು ನಾನು. ಸಂಕಟ ಪರರದು, ಪ್ರಾರ್ಥನೆ ಪರರದು, ಅಕ್ಷರ ಮಾತ್ರ ನನ್ನದು. ಒಂದು ಪದ ಸೇರಿಸಿದವನಲ್ಲ, ಒಂದು ಪದ ಬಿಟ್ಟವನಲ್ಲ. ನನ್ನ ನಕಲಿನಲ್ಲಿ ಒತ್ತು ತಪ್ಪಿದೆಯೆಂದು ಯಾವ ವಕೀಲನೂ ವಾಪಸು ತಂದ ದಾಖಲೆಯಿಲ್ಲ.

ಸೇವೆಯಲ್ಲಿದ್ದಾಗ ಕಣ್ಣಿಗೆ ಬಿದ್ದ ಉತ್ತಮ ಅರ್ಜಿಗಳನ್ನು, ಹೆಸರುಗಳನ್ನು ಮಾತ್ರ ಬಿಟ್ಟು, ಒಂದು ಮಾದರಿ ಪುಸ್ತಕದಲ್ಲಿ ಇಳಿಸಿಟ್ಟುಕೊಂಡಿದ್ದೇನೆ. ಅದರ ನಲವತ್ತಾರನೆಯದು ಅಣ್ಣತಮ್ಮಂದಿರಿಬ್ಬರ ನಿವೇಶನದ ವ್ಯಾಜ್ಯ. ಅಂಥ ಪ್ರಾರ್ಥನೆಯನ್ನು ಇಂದಿನ ಕಾಲದಲ್ಲಿ ಬರೆಯಬಲ್ಲವರಿಲ್ಲ: "ಆದಕಾರಣ ಘನ ಕಚೇರಿಯವರು ದಯಮಾಡಿ ಉಭಯ ನಿವೇಶನಗಳನ್ನೂ ಖುದ್ದಾಗಿ ಅಳತೆ ಮಾಡಿಸಿ, ಮಂಜೂರಾದ ನಕ್ಷೆಯನ್ನು ಮೀರಿ ಕಂಡುಬಂದ ಸಕಲ ಕಟ್ಟಡಭಾಗಗಳನ್ನೂ, ಅವು ಯಾರವೆಂಬ ಭೇದವನ್ನೆಣಿಸದೆ, ತೆರವುಗೊಳಿಸಿಕೊಡಬೇಕಾಗಿ ಪ್ರಾರ್ಥನೆ." ಓದುವಾಗ ಎದೆ ಉಬ್ಬುತ್ತದೆ.

ಮೂರು ಪುಟಗಳಲ್ಲಿ ಶುದ್ಧಪ್ರತಿ ಸಿದ್ಧವಾಯಿತು. ತಂಗಿಗೆ ಓದಿ ಹೇಳಿದೆ.

"ಉಭಯ ಅಂದ್ರೆ ಎರಡೂ ಅಲ್ವಾ? ಎರಡನ್ನೂ ಯಾಕಣ್ಣಾ ಅಳೀಬೇಕು? ಗೋಡೆ ಕಟ್ಟಿದ್ದು ಅವರಲ್ವಾ?"

"ಮಾದರಿಯಲ್ಲಿ ಹಾಗಿದೆ."

"ಇಷ್ಟೆಲ್ಲಾ ಬರೆಯೋ ಬದಲು ಮೇಸ್ತ್ರಿನ ಕರೆದು ಒಂದ್ಮಾತು ಹೇಳ್ಬಾರ್ದಾ? ಗೋಡೆ ಇನ್ನೂ ಹಸಿ ಇದೆ."

"ಬಾಯಿಮಾತಿಗೆ ದಾಖಲೆ ಇರುವುದಿಲ್ಲ," ಎಂದೆ.

"ನಮ್ಮ ಮನೇಲಿ ಮಾತಿಗಿಂತ ದಾಖಲೇನೇ ಜಾಸ್ತಿ," ಎಂದು ಅವಳು ಸೂಜಿಗೆ ದಾರ ಪೋಣಿಸಲು ಬಾಗಿಲಿನತ್ತ ಎದ್ದುಹೋದಳು.

ಜನವರಿ 16, ಸೋಮವಾರ

ಪುರಸಭೆಯ ಆವಕ ವಿಭಾಗದಲ್ಲಿ ಅರ್ಜಿ ಸಲ್ಲಿಕೆಯಾಯಿತು. ಕಿಟಕಿಯ ಒಳಗೆ ಮೂವತ್ತರ ಆಸುಪಾಸಿನ ಗುಮಾಸ್ತೆ. ಎಡಗೈಯಲ್ಲಿ ಊಟದ ಡಬ್ಬಿ, ಬಲಗೈಯಲ್ಲಿ ಮೊಹರು. ಮೂರು ಪುಟಗಳನ್ನು ತಿರುಗಿಸಿ ನೋಡಿ, ಬರೆದದ್ದೋ ಅಚ್ಚಾದದ್ದೋ ಎಂದು ಬೆರಳಿನಿಂದ ಉಜ್ಜಿದಳು.

"ಅಬ್ಬಾ, ಎಷ್ಟು ಚಂದ ಇದೆ ಸಾರ್ ಅಕ್ಷರ! ಏನು ವಿಷಯ ಅಂತ ಸ್ವಲ್ಪ ಬಾಯಲ್ಲಿ ಹೇಳಿಬಿಡಿ."

"ಬರೆದಿದೆಯಮ್ಮಾ. ಓದಬೇಕು."

"ಓದ್ತಾರೆ ಸಾರ್, ಓದೋರು ಓದ್ತಾರೆ," ಎಂದು ಮೊಹರು ಒತ್ತಿ ಸ್ವೀಕೃತಿ ಕೊಟ್ಟಳು. ಮೊಹರು ಓರೆಯಾಗಿ ಬಿದ್ದಿದೆ.

ಫೆಬ್ರವರಿ 8, ಬುಧವಾರ

ಇಪ್ಪತ್ತಮೂರು ದಿನಗಳು ಸಂದರೂ ಯಾರೂ ಬಂದಿರುವುದಿಲ್ಲ. ಗೋಡೆಗೆ ಗಿಲಾವು ಆಯಿತು. ಮೇಸ್ತ್ರಿ ಸಾರುವೆಯ ಮೇಲೆ ನಿಂತು ಕೆಲಸ ಮಾಡುತ್ತ, ಕೆಳಗೆ ನನ್ನನ್ನು ಕಂಡು "ನಮಸ್ಕಾರ ಯಜಮಾನ್ರೇ" ಎಂದ. ದೂರುದಾರನಾದವನು ಎದುರುಪಕ್ಷದೊಡನೆ ಮಾತನಾಡುವುದು ಉಚಿತವಲ್ಲವಾದ್ದರಿಂದ ಕೊಡೆಯನ್ನು ಸ್ವಲ್ಪ ಬಗ್ಗಿಸಿದೆ.

ಕಚೇರಿಗೆ ಹೋದೆ. ಕಡತವು ಕಟ್ಟಡ ಪರವಾನಗಿ ವಿಭಾಗದಲ್ಲಿದೆ ಎಂದರು. ಅಲ್ಲಿ, ಆವಕದಲ್ಲೇ ಇರಬೇಕು ಎಂದರು. ಕೊನೆಗೆ ಅದೇ ಗುಮಾಸ್ತೆ ಒಂದು ಬೀರುವಿನ ನೆತ್ತಿಯಿಂದ ನನ್ನ ಅರ್ಜಿಯನ್ನು ಕೆಳಗಿಳಿಸಿ ಧೂಳು ಒರೆಸಿದಳು.

"ಇಡೀ ಊರಿಗೆ ಅಳೆಯೋರು ಒಬ್ಬರೇ ಸಾರ್, ನಮ್ಮ ಇಂಜಿನಿಯರು. ಅವರ ಕೈಲಿರೋ ಟೇಪೂ ಕಚೇರಿದಲ್ಲ, ಸ್ವಂತದ್ದು. ಬರ್ತಾರೆ."

"ಎಂದು?"

"ಅದನ್ನ ಕೇಳ್ಬೇಡಿ ಸಾರ್. ಸುಳ್ಳು ಹೇಳೋಕೆ ನನಗೆ ಬರಲ್ಲ."

ಮೊದಲನೆಯ ಜ್ಞಾಪನಪತ್ರವನ್ನು ಸ್ಥಳದಲ್ಲಿಯೇ ಬರೆದು ಸಲ್ಲಿಸಿದೆ. ಬಗ್ಗಿ ಬರೆದದ್ದಕ್ಕೆ ಸೊಂಟ ಹಿಡಿದಿದೆ.

ಫೆಬ್ರವರಿ 20, ಸೋಮವಾರ

ಮೂರನೆಯ ಜ್ಞಾಪನಪತ್ರ ಸಲ್ಲಿಸಿದೆ.

ಒಬ್ಬ ಬ್ಯಾಂಕಿನವರು ತಮ್ಮ ಕಪ್ಪು ಕೋಟನ್ನು ವಾಪಸು ತಂದರು. ಮೊಣಕೈಯ ಮೇಲೆ ತಂಗಿ ನೇಯ್ದ ಜಾಗ, ಬೀದಿಯ ಬಿಸಿಲಿನಲ್ಲಿ, ನೀಲಿ. ಆಕೆ ಇಡೀ ನೇಯ್ಗೆಯನ್ನು ಬಿಚ್ಚಿದಳು. ಆ ದಾರವನ್ನು ಬಾಗಿಲಲ್ಲಿ ಹಿಡಿದು ಕಪ್ಪೆಂದು ಹೇಳಿದವನು ನಾನು.

ಮಾರ್ಚ್ 1, ಬುಧವಾರ

ಐದನೆಯ ಭೇಟಿ. ಇನ್ನು ಮುಂದೆ ದೂರುಗಳನ್ನು ಕಂಪ್ಯೂಟರಿನ ಮೂಲಕವೇ ಕೊಡತಕ್ಕದ್ದೆಂದು ಆದೇಶ ಬಂದಿದೆಯಂತೆ. ಗುಮಾಸ್ತೆಯೇ ಮರುಕಪಟ್ಟು ನನ್ನ ಪರವಾಗಿ ಟೈಪಿಸಿದಳು. ಮೂರು ಪುಟಗಳ ಅರ್ಜಿಯು "ಪಕ್ಕದವರು ಗೋಡೆ" ಎಂಬ ಎರಡು ಶಬ್ದಗಳಿಗೆ ಇಳಿಯಿತು, ಅಷ್ಟಕ್ಕೇ ಜಾಗವಂತೆ.

ಸಂಜೆ ನಾಲ್ಕಕ್ಕೆ ಫೋನಿಗೆ ಸಂದೇಶ ಬಂತು: "ನಿಮ್ಮ ದೂರನ್ನು ಪರಿಹರಿಸಲಾಗಿದೆ."

ತಂಗಿಗೆ ತೋರಿಸಿದೆ. ಆಕೆ ಕಿಟಕಿಯಿಂದ ಕೈ ಹೊರಚಾಚಿ ಎದುರಿನ ಗೋಡೆಯತ್ತ ತೋರಿಸಿದಳು.

"ಗೋಡೆ ಇಲ್ಲೇ ಇದ್ಯಲ್ಲಣ್ಣಾ. ಅವರಿಗೆ ಬೇರೆ ಯಾರ್ದೋ ಗೋಡೆ ಸಿಕ್ತೇನೋ."

ನಕ್ಕಳು. ನನಗೆ ನಗು ಬರಲಿಲ್ಲ. ಪುರಸಭೆಯ ಮುಖ್ಯಾಧಿಕಾರಿಗಳಿಗೆ ನೇರವಾಗಿ, ಆರು ಪುಟಗಳಲ್ಲಿ, ಮೂಲ ಅರ್ಜಿಯ ದೃಢೀಕೃತ ನಕಲಿನೊಂದಿಗೆ, ಕರ್ತವ್ಯಲೋಪದ ದೂರನ್ನು ಸಿದ್ಧಪಡಿಸಿದ್ದೇನೆ. ಕಾನೂನನ್ನು ಜಾರಿಗೊಳಿಸುವ ಕಚೇರಿಯೊಂದು ಇದೆಯೋ, ಅಥವಾ ಅದರ ಹಲಗೆ ಮಾತ್ರ ಇದೆಯೋ ಎಂಬುದೇ ಅದರ ತಾತ್ಪರ್ಯ. ಈ ಒಂದು ವಾಕ್ಯ ಮಾದರಿ ಪುಸ್ತಕದ್ದಲ್ಲ.

ಮಾರ್ಚ್ 15, ಬುಧವಾರ

ಬಂದರು!

ಬೆಳಿಗ್ಗೆ ಹನ್ನೊಂದಕ್ಕೆ ಇಂಜಿನಿಯರು ಬೈಸಿಕಲ್ಲಿನಲ್ಲಿ ಬಂದಿಳಿದರು. ತೆಳ್ಳಗಿನ ಮನುಷ್ಯ, ಕಾಲರಿನ ಒಳಗೆ ಕರವಸ್ತ್ರ. ಮೇಸ್ತ್ರಿಯ ಗೋಡೆಯನ್ನು ಅಳೆದರು, ಬರೆದುಕೊಂಡರು. ಮೇಸ್ತ್ರಿಯೇ ಟೇಪಿನ ಇನ್ನೊಂದು ತುದಿ ಹಿಡಿದಿದ್ದ. ನಾನು ಅಂಗಳದಲ್ಲಿ ನಿಂತು ನೋಡುತ್ತಿದ್ದೆ. ಎರಡು ತಿಂಗಳಲ್ಲಿ ಮೊದಲ ಬಾರಿಗೆ ಹಸಿವಾಯಿತು.

ಅನಂತರ ಅವರು ನನ್ನ ಅಂಗಳಕ್ಕೆ ಬಂದು ಟೇಪು ಬಿಚ್ಚಿದರು.

"ಇಲ್ಲೇನು ಸ್ವಾಮಿ?"

"ಉಭಯ ನಿವೇಶನಗಳನ್ನೂ ಅಂತ ಬರೆದಿದೀರಲ್ಲ ಯಜಮಾನ್ರೇ." ಕಡತ ತೆರೆದು, ನನ್ನ ಅಕ್ಷರದ ಮೇಲೆ ಬೆರಳಿಟ್ಟು ಓದಿದರು. "ಅವು ಯಾರವೆಂಬ ಭೇದವನ್ನೆಣಿಸದೆ. ನಾನು ಈ ಕೆಲಸಕ್ಕೆ ಸೇರಿ ಹದಿನಾರು ವರ್ಷ ಆಯ್ತು, ಇಷ್ಟು ನ್ಯಾಯವಾದ ದೂರು ಇದೇ ಮೊದಲು. ಎಲ್ಲರೂ ಪಕ್ಕದವರದ್ದು ಅಳೀರಿ ಅಂತಾರೆ. ನಮ್ಮದೂ ಅಳೀರಿ ಅಂದೋರು ನೀವೊಬ್ಬರೇ."

ಅವರು ಹಾಸ್ಯ ಮಾಡುತ್ತಿರಲಿಲ್ಲ. ನಿಜವಾಗಿಯೂ ಗೌರವದಿಂದ ಹೇಳಿದರು.

ತಂಗಿಯ ಕೋಣೆ ಮಂಜೂರಾದ ನಕ್ಷೆಯಲ್ಲಿ ಇಲ್ಲ. ಇಡೀ ಕೋಣೆಯೇ ಇಲ್ಲ. ಆಕೆ ಬಂದ ವರ್ಷ, ಗಡಿಯ ಕಡೆಗೆ ಬಿಟ್ಟಿದ್ದ ಹತ್ತಡಿ ಜಾಗದಲ್ಲಿ ನಾನೇ ಕಟ್ಟಿಸಿದ್ದು.

ಇಂಜಿನಿಯರು ಹೊರಡುವಾಗ ತಂಗಿ ನೀರು ಕೊಟ್ಟಳು. ಅವರು ಕುಡಿದು, ಚೌಕಟ್ಟಿನಲ್ಲಿ ಬಿಗಿದಿದ್ದ ಕೋಟನ್ನು ನೋಡಿ, "ಹರಿದಿದ್ದು ಎಲ್ಲಿ?" ಎಂದು ಕೇಳಿದರು. ಆಕೆ ತೋರಿಸಿದಳು. ಆದರೂ ಅವರಿಗೆ ಕಾಣಲಿಲ್ಲ.

ಮಾರ್ಚ್ 27, ಸೋಮವಾರ

ನನ್ನ ಮೊದಲ ದೂರಿಗೆ ಉತ್ತರ ಬರಲು ಎಪ್ಪತ್ತು ದಿನವೂ ಸಾಲಲಿಲ್ಲ. ನನ್ನ ಮೇಲಿನ ನೋಟಿಸು ಹನ್ನೆರಡೇ ದಿನಗಳಲ್ಲಿ ಬಂತು. ಸದರಿ ಅನಧಿಕೃತ ಕೋಣೆಯನ್ನು ಹದಿನೈದು ದಿನಗಳೊಳಗಾಗಿ ಸ್ವತಃ ತೆರವುಗೊಳಿಸತಕ್ಕದ್ದು. ತಪ್ಪಿದಲ್ಲಿ ಪುರಸಭೆಯೇ ತೆರವುಗೊಳಿಸುವುದು. ಹೇಳಿಕೆಯೇನಾದರೂ ಇದ್ದಲ್ಲಿ ಲಿಖಿತವಾಗಿ ಸಲ್ಲಿಸುವುದು. ಮೇಸ್ತ್ರಿಗೆ ಬಂತೇ ಎಂದು ಫೋನಿನಲ್ಲಿ ಗುಮಾಸ್ತೆಯನ್ನು ವಿಚಾರಿಸಿದೆ. "ಅವರದ್ದು ಪರಿಶೀಲನೆಯಲ್ಲಿದೆ ಸಾರ್. ನಿಮ್ಮದು ಬೇಗ ಆಯ್ತು. ದೂರೇ ಒಪ್ಪಿಗೆ ಥರ ಇತ್ತಲ್ಲ," ಎಂದಳು. ಆಮೇಲೆ ಸಣ್ಣ ದನಿಯಲ್ಲಿ, "ನನಗೂ ಬೇಜಾರಾಯ್ತು ಸಾರ್," ಎಂದಳು.

ಆದರೆ ಪರವಾನಗಿಗೆ ಆ ಕಾಲದಲ್ಲಿಯೇ ನಾನು ಅರ್ಜಿ ಕೊಟ್ಟದ್ದು ನೆನಪಿತ್ತು. ಟ್ರಂಕನ್ನು ಎಳೆದು ಹುಡುಕಿದೆ. ಸಿಕ್ಕಿತು. ಮೂವತ್ತೊಂದು ವರ್ಷದ ಹಿಂದಿನ ದಿನಾಂಕ, ನನ್ನ ಕೈಬರಹ, ನೀಲಿ ಶಾಯಿ. ಗುಂಡುಸೂಜಿಯಲ್ಲಿ ಎರಡು ಹಾಳೆ: ಮೇಲೆ ಅಸಲು, ಕೆಳಗೆ ನಕಲು.

ಅಸಲೂ ಇಲ್ಲಿಯೇ ಇದೆ.

ತಂಗಿ ನನ್ನ ಭುಜದ ಮೇಲಿಂದ ಇಣುಕಿ ನೋಡಿದಳು. ಕೈಚಾಚಿ ಗುಂಡುಸೂಜಿಯನ್ನು ಮುಟ್ಟಿ ಹೇಳಿದಳು:

"ಅಕ್ಷರ ಚೆನ್ನಾಗಿ ಬಂದಿತ್ತು ಅಂತ ಕೊಡೋಕೆ ಮನಸ್ಸು ಬರಲಿಲ್ವಾ ಅಣ್ಣಾ?"

ಮಾರ್ಚ್ 29, ಬುಧವಾರ

ಇಂದು ಬರೆಯತಕ್ಕ ವಿಶೇಷವೇನೂ ಇಲ್ಲ.

ಏಪ್ರಿಲ್ 3, ಸೋಮವಾರ

ಬೆಳಿಗ್ಗೆ ಮೇಸ್ತ್ರಿ ಬಂದ. ಚಪ್ಪಲಿ ಹೊರಗೆ ಬಿಟ್ಟು, ಹೊಸ್ತಿಲಾಚೆ ನಿಂತು, ಮಡಿಚಿದ ಕಾಗದವನ್ನು ಚಾಚಿದ. ಅವನಿಗೂ ನೋಟಿಸು.

"ಇದಕ್ಕೆ ಒಂದು ಉತ್ತರ ಬರೆದುಕೊಡ್ತೀರಾ ಯಜಮಾನ್ರೇ?"

"ದೂರು ಕೊಟ್ಟವನೇ ನಾನಲ್ಲವೇನಯ್ಯಾ?"

"ಗೊತ್ತು. ಇಂಜಿನಿಯರು ಓದಿ ಹೇಳಿದ್ರು. ದೂರೇ ಇಷ್ಟು ಚೆನ್ನಾಗಿ ಬರೆದೋರು ಉತ್ತರ ಇನ್ನೆಷ್ಟು ಚೆನ್ನಾಗಿ ಬರೀಬಹುದು ಅಂತ ಬಂದೆ."

ಅವನ ಮುಖ ನೋಡಿದೆ. ಕುಚೋದ್ಯವಿರಲಿಲ್ಲ. ಉಗುರಿನ ಸಂದಿಯಲ್ಲಿ ಬಿಳಿ ಸಿಮೆಂಟು.

"ಗಡಿಯಿಂದ ಸೆಟ್‌ಬ್ಯಾಕ್ ಜಾಗ ಬಿಡಬೇಕು ಅನ್ನೋದು ನಿನಗೆ ತಿಳಿಯದೇ?"

"ತಿಳೀದು ಅಂದ್ರೆ ಸುಳ್ಳಾಗತ್ತೆ. ಬಿಟ್ಟಿದ್ರೆ ಮಂಚ ಹಿಡೀತಿರಲಿಲ್ಲ. ನನ್ನ ಹೆಂಡ್ತಿ ಆಸ್ಪತ್ರೇಲಿ ನರ್ಸು, ವರ್ಷ ಪೂರ್ತಿ ರಾತ್ರಿ ಪಾಳಿ. ಬೆಳಿಗ್ಗೆ ಬಂದು ಮಲಗ್ಬೇಕು. ಕೆಳಗೆ ಇರೋದು ಒಂದೂವರೆ ಕೋಣೆ. ನಮ್ಮಪ್ಪನ ಕೆಮ್ಮು, ಮಕ್ಕಳ ಗಲಾಟೆ. ಆರು ವರ್ಷ ಮುಖದ ಮೇಲೆ ಟವೆಲ್ ಹಾಕ್ಕೊಂಡು ಮಲಗಿದ್ಲು. ಅವಳಿಗೆ ಕತ್ತಲು ಬೇಕಿತ್ತು ಅಷ್ಟೆ. ಅದಕ್ಕೇ ಆ ಕಡೆ ಕಿಟಕೀನೂ ಇಡಲಿಲ್ಲ. ನಿಮಗೂ ಇಣುಕಿ ನೋಡ್ತಾರೆ ಅನ್ನೋ ಕಿರಿಕಿರಿ ಬೇಡ ಅಂತ."

ಒಳಗಿನಿಂದ ತಂಗಿ ಹೇಳಿದಳು:

"ಅವಳಿಗೆ ಕತ್ತಲು ಬೇಕು, ನನಗೆ ಬೆಳಕು ಬೇಕು. ಇರೋದು ಒಂದೇ ಗೋಡೆ. ಬಾ ಮೇಸ್ತ್ರಿ, ಒಳಗೆ ಬಂದು ನೋಡು."

ಅವನು ಆ ಕೋಣೆಗೆ ಹೋಗಿ, ಆಕೆಯ ಮಣೆಯ ಮೇಲೆ ಕೂತು, ಕಿಟಕಿಯತ್ತ ಮುಖ ಮಾಡಿದ. ತನ್ನದೇ ಗೋಡೆಯನ್ನು ಈ ಕಡೆಯಿಂದ ನೋಡುವುದು ಅವನಿಗೆ ಅದೇ ಮೊದಲು. ತಂಗಿ ಅವನ ಕೈಗೆ ಎರಡು ದಾರದುಂಡೆ ಇಟ್ಟು, "ಯಾವುದು ಕಪ್ಪು ಹೇಳು," ಎಂದಳು. ಅವನು ತಿರುಗಿಸಿ ತಿರುಗಿಸಿ ನೋಡಿದ.

"ಗೊತ್ತಾಗ್ತಿಲ್ಲ ಅಕ್ಕಾ," ಎಂದ. ಕೂತೇ ಇದ್ದ.

ಉತ್ತರ ಬರೆದುಕೊಡುವ ಬಗ್ಗೆ ನಾನು ಮಾತು ಕೊಡಲಿಲ್ಲ. ಅವನು ಮತ್ತೆ ಕೇಳಲೂ ಇಲ್ಲ. ನೋಟಿಸನ್ನು ಮಾತ್ರ ನನ್ನ ಮೇಜಿನ ಮೇಲೆ ಬಿಟ್ಟು ಹೋಗಿದ್ದಾನೆ.

ಏಪ್ರಿಲ್ 6, ಗುರುವಾರ

ಎರಡು ನೋಟಿಸುಗಳೂ ಅಕ್ಕಪಕ್ಕದಲ್ಲಿವೆ. ಪದಗಳು ಒಂದೇ, ಸಹಿ ಒಂದೇ, ಮನೆಯ ಸಂಖ್ಯೆ ಮಾತ್ರ ಬೇರೆ. ಯಾರೋ ನಕಲು ಮಾಡಿದ್ದಾರೆ. ಆ ಗುಮಾಸ್ತೆಯೇ ಇರಬೇಕು, ಊಟದ ಡಬ್ಬಿ ಪಕ್ಕದಲ್ಲಿಟ್ಟುಕೊಂಡು. "ತೆರವುಗೊಳಿಸತಕ್ಕದ್ದು" ಎಂಬುದನ್ನು ನಾನು ಸೇವೆಯಲ್ಲಿ ಎಷ್ಟು ಸಾವಿರ ಸಲ ಬರೆದಿರಬಹುದು? ಅದರ ಒಳಗೆ ಮಂಚವಿತ್ತೇ, ಮಣೆಯಿತ್ತೇ ಎಂದು ಒಮ್ಮೆಯೂ ಯೋಚಿಸಲಿಲ್ಲ. ಒತ್ತಕ್ಷರ ಸರಿಯಾಗಿ ಬಿತ್ತೇ ಎಂದು ಮಾತ್ರ ನೋಡಿದೆ.

ಮಧ್ಯಾಹ್ನ ಮೇಸ್ತ್ರಿಯ ಹೆಂಡತಿ ಜೇಬು ಹರಿದ ಸಮವಸ್ತ್ರವನ್ನು ತಂದಿದ್ದಳು. ತಂಗಿ ಮತ್ತು ಅವಳು ಬಹಳ ಹೊತ್ತು ಮಾತನಾಡಿದರು. ನಾನು ಕೇಳಿಸಿಕೊಳ್ಳಲಿಲ್ಲ. ಒಮ್ಮೆ ಇಬ್ಬರೂ ಜೋರಾಗಿ ನಕ್ಕರು. ನನ್ನ ವಿಷಯವೇ ಇರಬೇಕು.

ಏಪ್ರಿಲ್ 10, ಸೋಮವಾರ

ಇಬ್ಬರ ಉತ್ತರವನ್ನೂ ಒಂದೇ ಹಾಳೆಯಲ್ಲಿ ಬರೆದೆ. ಮಾದರಿ ಪುಸ್ತಕದಲ್ಲಿ ಇಂಥದ್ದು ಇರಲಿಲ್ಲ. ದೂರುದಾರನೂ ಎದುರುದಾರನೂ ಕೂಡಿ ಕೊಟ್ಟ ಅರ್ಜಿಯನ್ನು ನಾನು ಸೇವೆಯಲ್ಲಿ ನಕಲು ಮಾಡಿದ್ದೇ ಇಲ್ಲ. ಅರ್ಧ ಪುಟಕ್ಕೆ ಮುಗಿಯಿತು. ಎರಡು ಕಡೆ ಗೀಚಿ ತಿದ್ದಿದ್ದೇನೆ. ಶುದ್ಧಪ್ರತಿ ಮಾಡಲು ಸಮಯವಿರಲಿಲ್ಲ, ಗಡುವು ನಾಳೆಗೆ.

ಮೇಸ್ತ್ರಿಯ ಮೋಟಾರ್ ಸೈಕಲ್ಲಿನ ಹಿಂದೆ ಕೂತು ಕಚೇರಿಗೆ ಹೋದೆ. ಈ ವಯಸ್ಸಿನಲ್ಲಿ ಅದೊಂದು ಬಾಕಿಯಿತ್ತು. ನಮ್ಮಿಬ್ಬರನ್ನೂ ಒಟ್ಟಿಗೆ ಕಂಡ ಗುಮಾಸ್ತೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು.

"ಇದೇನ್ ಸಾರ್ ಇದು? ಏನು ವಿಷಯ?"

ಬರೆದಿದೆ ಎನ್ನಲು ಬಾಯಿ ತೆರೆದವನು, ಏಕೋ, ಅವಳಿಗೆ ಎಲ್ಲವನ್ನೂ ಹೇಳಿದೆ. ದಾರ, ಕೋಟು, ಮಂಚ, ಟವೆಲ್, ಎಲ್ಲ. ಹಿಂದೆ ಸಾಲು ಬೆಳೆಯಿತು. ಯಾರೋ "ಬೇಗ ಮುಗಿಸಿ ತಾತಾ" ಎಂದರು. ಗುಮಾಸ್ತೆ ಅವರಿಗೆ, "ಸ್ವಲ್ಪ ಸುಮ್ನಿರಿ, ಅವರು ಮೊದಲನೇ ಸಲ ಮಾತಾಡ್ತಿದಾರೆ," ಎಂದಳು.

ಮೇ 2ಕ್ಕೆ ಮುಖ್ಯಾಧಿಕಾರಿಗಳ ಮುಂದೆ ವಿಚಾರಣೆ. ಅಲ್ಲಿಯವರೆಗೆ ಯಾರೂ ಏನನ್ನೂ ಒಡೆಯುವುದಿಲ್ಲ.

ಏಪ್ರಿಲ್ 23, ಭಾನುವಾರ

ಮೇಸ್ತ್ರಿಗೆ ವಾರದಲ್ಲಿ ಇದೊಂದೇ ಬಿಡುವು. ಬೆಳಿಗ್ಗೆ ಏಳಕ್ಕೆ ನಮ್ಮ ಅಂಗಳದಲ್ಲಿ ಏಣಿ ಹಾಕಿದ. ಊರಿನ ಎಷ್ಟೋ ಸ್ನಾನದ ಮನೆಗಳಲ್ಲಿ ಮಿಕ್ಕ ಬಿಳಿ ಟೈಲ್ಸ್ ಚೂರುಗಳು, ನಾಲ್ಕು ಚೀಲ. ಒಂದರ ಅಳತೆ ಇನ್ನೊಂದಕ್ಕಿಲ್ಲ. ಗೋಡೆಯ ನಮ್ಮ ಕಡೆಯ ಮೈಗೆ ಅವನ್ನು ಒಂದೊಂದಾಗಿ ಕೂರಿಸುತ್ತ ಹೋದ. ಬಿಸಿಲು ಬೀಳುವುದು ಗೋಡೆಯ ಮೇಲರ್ಧಕ್ಕೆ, ಅದೂ ಮಧ್ಯಾಹ್ನದ ಮೇಲೆ, ನಮ್ಮ ಸೂರನ್ನು ದಾಟಿ. ಅದನ್ನು ಕಿಟಕಿಗೆ ತಿರುಗಿಸಬೇಕು.

ತಂಗಿ ಒಳಗೆ ಮಣೆಯ ಮೇಲೆ ಕೂತು ಆಜ್ಞೆ ಮಾಡುತ್ತಿದ್ದಳು.

"ಇನ್ನೂ ಮೇಲೆ! ಎಡಕ್ಕೆ! ನಿನ್ನೆಡ ಅಲ್ಲ, ನನ್ನೆಡ!"

"ಅಕ್ಕಾ, ನಾನು ಹೋಟೆಲ್‌ಗೆ ಕೆಲಸ ಮಾಡಿದೀನಿ, ಆಸ್ಪತ್ರೆಗೆ ಮಾಡಿದೀನಿ, ಇಷ್ಟು ಕಾಟ ಯಾರೂ ಕೊಟ್ಟಿಲ್ಲ!"

"ಮೆಲ್ಲಗೆ ಮಾತಾಡೋ, ಹೆಂಡ್ತಿ ಮಲಗಿದಾಳೆ!"

ನಾನು ಏಣಿಯ ಬುಡ ಹಿಡಿದಿದ್ದೆ. ಚೂರುಗಳನ್ನು ಒರೆಸಿ ಮೇಲಕ್ಕೆ ಕೊಡುವುದೂ ನನ್ನದೇ. ಮೇಲೆ ಅರ್ಧ ಗೋಡೆ ಮುಗಿದಾಗ ಮೂರು ಗಂಟೆ. ಕಿಟಕಿಯಿಂದ ಒಳಗೆ, ನೆಲದ ಮೇಲೆ, ಒಂದು ಹಾಸಿಗೆಯಷ್ಟಗಲ ಬೆಳಕು ಬಿತ್ತು. ಚೂರುಚೂರಾಗಿ, ಆದರೆ ಬೆಳಕೇ. ತಂಗಿ ಮಣೆಯನ್ನು ಅದರ ಮಧ್ಯಕ್ಕೆ ಎಳೆದುಕೊಂಡಳು. ಬೆಳಗಿನ ಬೆಳಕು ಇನ್ನು ಬರುವುದಿಲ್ಲ, ಅದು ಹೋದದ್ದೇ. ಆಕೆ ಬೆಳಿಗ್ಗೆ ಬಿಚ್ಚುವ ಕೆಲಸ, ಮಧ್ಯಾಹ್ನ ನೇಯುವ ಕೆಲಸ ಎಂದು ದಿನವನ್ನೇ ತಿರುಗಿಸಿ ಹಾಕಿದ್ದಾಳೆ.

ಅಂಗೈಯಲ್ಲಿ ಒಂದೆರಡು ಗೀರು. ಉರಿ ಇದೆ. ಬರೆಯಲು ತೊಂದರೆಯಿಲ್ಲ.

ಮೇ 2, ಮಂಗಳವಾರ

ವಿಚಾರಣೆ ನಡೆಯಿತು. ಮುಖ್ಯಾಧಿಕಾರಿಗಳು ದಣಿದ ಮನುಷ್ಯ. ಮೇಜಿನ ಮೇಲೆ ಎರಡು ಮೊಳ ಎತ್ತರದ ಕಡತಗಳು. ನನ್ನ ಮೊದಲ ದೂರು, ಮೂರು ಜ್ಞಾಪನಪತ್ರ, ಆರು ಪುಟದ ಕರ್ತವ್ಯಲೋಪದ ದೂರು, ಕೊನೆಯ ಅರ್ಧ ಪುಟ, ಎಲ್ಲವನ್ನೂ ಸಾಲಾಗಿ ಹರಡಿಕೊಂಡರು.

"ನೋಡಿ ಯಜಮಾನ್ರೇ. ನಿಮ್ಮ ದೂರಿನ ಮೇಲೆ ಇವರ ಗೋಡೆ ಒಡೀಬೇಕು. ಅದೇ ದೂರಿನ ಮೇಲೆ ನಿಮ್ಮ ಕೋಣೆನೂ ಒಡೀಬೇಕು. ಈಗ ಇಬ್ಬರೂ ಸೇರಿ ಎರಡೂ ಇರಲಿ ಅಂತೀರಿ. ಹಾಗಿದ್ರೆ ನಮ್ಮನ್ನ ಯಾಕ್ರೀ ಕರೆದ್ರಿ?"

ಎಲ್ಲರೂ ನನ್ನತ್ತ ನೋಡಿದರು. ಕೈಯಲ್ಲಿ ಕಾಗದವಿರಲಿಲ್ಲ.

"ನಾನು ಕರೆದಾಗ ಗೋಡೆ ಹಸಿಯಾಗಿತ್ತು ಸ್ವಾಮಿ," ಎಂದೆ. "ಆ ವಾರ ನೀವು ಒಬ್ಬರನ್ನು ಕಳಿಸಿದ್ದರೆ, ಒಂದು ಮೊಳ ಹಿಂದಕ್ಕೆ ಕಟ್ಟು ಎಂದು ಹೇಳಿದ್ದರೆ ಸಾಕಿತ್ತು. ಎರಡು ದಿನದ ಕೆಲಸ. ನೀವು ಬರುವ ಹೊತ್ತಿಗೆ ಅದರೊಳಗೆ ಒಬ್ಬಳು ನಿದ್ದೆ ಮಾಡುತ್ತಿದ್ದಳು. ಈಗ ಅದನ್ನು ಒಡೆದರೆ ಅದು ಕಾನೂನಲ್ಲ, ತಡವಾಗಿ ಬಂದವರ ಸಿಟ್ಟು."

ನನ್ನ ಮಾತು ಇನ್ನೂ ಮುಗಿದಿರಲಿಲ್ಲ.

"ಆದರೆ ಆ ವಾರ ನಾನೂ ಇವನಿಗೆ ಬಾಯಿಬಿಟ್ಟು ಹೇಳಲಿಲ್ಲ. ಹತ್ತು ಹೆಜ್ಜೆ ದೂರದಲ್ಲಿದ್ದ. ನಾನು ಮೂರು ಪುಟ ಬರೆಯುತ್ತಿದ್ದೆ."

ಗೋಡೆಯ ಬಳಿ ನಿಂತಿದ್ದ ಇಂಜಿನಿಯರು ನೆಲ ನೋಡಿದರು. ಮೇಸ್ತ್ರಿ ನನ್ನ ತೋಳು ಮುಟ್ಟಿದ. ಮುಖ್ಯಾಧಿಕಾರಿಗಳು ಆ ಕಾಗದಗಳನ್ನು ಮತ್ತೊಮ್ಮೆ ತಿರುವಿ ನೋಡಿ, "ಇದೆಲ್ಲಾ ನೀವೇ ಕೈಯಲ್ಲಿ ಬರೆದಿದ್ದಾ?" ಎಂದು ಕೇಳಿದರು. ಹೌದೆಂದೆ. ಅವರು ನಿಟ್ಟುಸಿರು ಬಿಟ್ಟರು.

ನಿಯಮದಲ್ಲಿ ಒಂದು ದಾರಿಯಿದೆಯಂತೆ. ನೆರೆಯವರಿಗೆ ಬಾಧೆಯಿಲ್ಲವೆಂದು ನೆರೆಯವರೇ ತಮ್ಮ ಕೈಯಾರೆ ಬರೆದು ಒಪ್ಪಿಗೆ ಕೊಟ್ಟರೆ, ದಂಡ ಕಟ್ಟಿಸಿಕೊಂಡು, ಇದ್ದದ್ದನ್ನು ಇದ್ದಂತೆ ಸಕ್ರಮ ಮಾಡಬಹುದು. ನನ್ನದನ್ನು ಅವನು ಬರೆಯಬೇಕು. ಅವನದನ್ನು ನಾನು.

ಮೇ 4, ಗುರುವಾರ

ನನ್ನ ಒಪ್ಪಿಗೆಯನ್ನು ಒಂದು ಸಾಲಿನಲ್ಲಿ ಬರೆದೆ. "ನನ್ನ ಮನೆಯ ಪೂರ್ವಕ್ಕಿರುವ ಮೇಲಿನ ಕೋಣೆ ಹಾಗೆಯೇ ಇರಲಿ, ಅದರಿಂದ ನನಗೆ ತೊಂದರೆಯಿಲ್ಲ."

ಮೇಸ್ತ್ರಿ ಸಂಜೆ ತನ್ನದನ್ನು ತಂದ. ಶಾಲೆಯ ನೋಟ್ ಪುಸ್ತಕದಿಂದ ಹರಿದ ಹಾಳೆ. ಸಾಲುಗಳು ಬಲಕ್ಕೆ ಹೋದಂತೆ ಇಳಿಜಾರು. ಎರಡು ಕಡೆ ತಪ್ಪು, ಒಂದು ಕಡೆ ಸಿಮೆಂಟಿನ ಬೆರಳಚ್ಚು.

"ನಮ್ಮ ಪಕ್ಕದ ಮನೆ ಅಕ್ಕನ ಕೋಣೆ ನಾವು ಈ ಬೀದಿಗೆ ಬರೋ ಮುಂಚಿಂದ ಇದೆ. ಅದು ಅಲ್ಲೇ ಇರಲಿ. ನಮಗೆ ಏನೂ ತೊಂದರೆ ಇಲ್ಲ. ಅವರು ಅಲ್ಲಿ ಕೂತು ಬಟ್ಟೆ ಸರಿ ಮಾಡ್ತಾರೆ. ಬೆಳಕು ನಾನು ಕೊಟ್ಟಿದೀನಿ, ಇನ್ನೂ ಬೇಕಂದ್ರೂ ಕೊಡ್ತೀನಿ."

"ನನ್ನ ಕೈಬರಹ ಹೀಗೇ ಯಜಮಾನ್ರೇ. ನೀವು ಇದನ್ನೇ ಚಂದ ಮಾಡಿ ಬರೀರಿ, ನಾನು ಕೆಳಗೆ ಸಹಿ ಹಾಕ್ತೀನಿ. ಯಾರಿಗೆ ಗೊತ್ತಾಗತ್ತೆ?"

ಅವನು ಹೋದ ಮೇಲೆ ಒಳ್ಳೆಯ ಹಾಳೆಯೊಂದನ್ನು ತೆಗೆದುಕೊಂಡೆ. ಲೇಖನಿಗೆ ಶಾಯಿ ತುಂಬಿದೆ. ಹಾಳೆಯ ಎಡಕ್ಕೆ ಅಂಚಿನ ಗೆರೆ ಎಳೆದೆ. ಆಮೇಲೆ ಅವನ ಕಾಗದವನ್ನು ಮತ್ತೊಮ್ಮೆ ಓದಿದೆ.

ಖಾಲಿ ಹಾಳೆಯನ್ನು ಡ್ರಾಯರಿಗೆ ಹಾಕಿದೆ. ಅವನದನ್ನೇ, ಹಾಗೆಯೇ, ನಾಳೆ ಕೊಟ್ಟುಬರುತ್ತೇನೆ. ಇದಕ್ಕೆ ನಕಲನ್ನೂ ಇಟ್ಟುಕೊಂಡಿಲ್ಲ.

ಮೇ 5, ಶುಕ್ರವಾರ

ಕೊಟ್ಟೆ. ಎರಡನ್ನೂ, ಅಸಲನ್ನೇ. ಮೊಹರು ಬೀಳುವವರೆಗೆ ಕಿಟಕಿಯ ಮುಂದೆಯೇ ನಿಂತಿದ್ದೆ. ಗುಮಾಸ್ತೆ ಮೇಸ್ತ್ರಿಯ ಕಾಗದವನ್ನು ಪೂರ್ತಿ ಓದಿದಳು.

ಜೂನ್ 12, ಸೋಮವಾರ

ಆದೇಶ ಇನ್ನೂ ಬಂದಿಲ್ಲ. ಮೇಜಿನ ಮೇಲಿದೆ, ಸಹಿಯೊಂದು ಬಾಕಿ ಎಂದು ಗುಮಾಸ್ತೆ ಹೇಳಿದಳು. "ಎಂದು?" ಎಂದು ಕೇಳಲಿಲ್ಲ. ಅವಳ ಅಮ್ಮನ ರೇಷ್ಮೆ ಸೀರೆ ಇಲಿ ಕಡಿದಿದೆಯಂತೆ. ತಂದುಕೊಡು ಎಂದು ಬಂದೆ.

ಮೂರು ಗಂಟೆಗೆ ಮನೆ ಸೇರಿದೆ. ಬ್ಯಾಂಕಿನವರ ಕೋಟು ಮತ್ತೆ ಚೌಕಟ್ಟಿನಲ್ಲಿದೆ, ಈ ಸಲ ಇನ್ನೊಂದು ಮೊಣಕೈ. ಮೇಲಿನ ಕೋಣೆಯಲ್ಲಿ ಸದ್ದಿಲ್ಲ, ಮೇಸ್ತ್ರಿಯ ಹೆಂಡತಿ ಮಲಗಿದ್ದಾಳೆ. ಟೈಲ್ಸಿನ ಬೆಳಕು ತಂಗಿಯ ಮಡಿಲಿನಲ್ಲಿತ್ತು. ಆಕೆ ಎರಡು ದಾರದುಂಡೆಗಳನ್ನು ಎತ್ತಿದ್ದನ್ನು ನೋಡಿ, ಬರೆಯುವುದನ್ನು ನಿಲ್ಲಿಸಿ, ಕನ್ನಡಕ ಸರಿಮಾಡಿಕೊಂಡು ಕಾದೆ.

ಅವಳು ಒಂದನ್ನು ಬುಟ್ಟಿಗೆ ಹಾಕಿ, ಇನ್ನೊಂದರ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಸೂಜಿಗೆ ಪೋಣಿಸಿದಳು. ನನ್ನನ್ನು ಕೇಳಲಿಲ್ಲ.